ಹುಲಿ ಗುಣಪಾಲಣ್ಣನ ಕಾಣೆಯಾದ ವ್ಯೂಸ್

ಹಿಂದೆ ಗೋಡೆ. ಮುಂದೆ ನಾಲ್ಕು ಹುಲಿ!

ಮಂಗಳೂರಿನ ಮಣ್ಣಗುಡ್ಡದ ಓಣಿ. ಹಾಡಹಗಲು. ನವರಾತ್ರಿಯ ವೇಷ... ಮೈತುಂಬ ಹಳದಿ, ಅದರ ಮೇಲೆ ಕಪ್ಪು ಪಟ್ಟೆ. ಬಣ್ಣ ಇನ್ನೂ ಹಸಿ. ಎಲ್ಲಕ್ಕಿಂತ ದೊಡ್ಡ ಹುಲಿ ನನ್ನ ಮೂಗಿನ ತುದಿಗೆ ಬೆರಳು ತಂದಿತು.

“ನೀನು ಭವ್ಯಶ್ರೀ ಅಲ್ವಾ?”

“ಹೌದು. ಎಂತ ಈಗ?”

“ನನ್ನ ವ್ಯೂಸ್ ಎಲ್ಲಿ ಉಂಟು?”

ಸ್ವರ ಕೇಳಿ ಗುರುತು ಸಿಕ್ಕಿತು. ಗುಣಪಾಲಣ್ಣ! ವರ್ಷವಿಡೀ ಹೋಟೆಲಿನ ಯಜಮಾನ, ನವರಾತ್ರಿಗೆ ಹುಲಿಗಳ ಯಜಮಾನ.

ನನ್ನ ಕಸುಬು ಕೇಳಿ. ಎಐ ಏಜೆಂಟ್‌ಗಳು ಗೊತ್ತಲ್ಲ... ಹೇಳಿದ ಕೆಲಸವನ್ನು ತಾವೇ ಮಾಡಿ ಮುಗಿಸುವ ಪ್ರೋಗ್ರಾಂಗಳು. ಅವು ಸೋಶಿಯಲ್ ಮೀಡಿಯಾದಿಂದ ಮಾಹಿತಿ ಹೆಕ್ಕಲು ನಮ್ಮ ಕಂಪೆನಿ ಒಂದು ಟೂಲ್ ಮಾಡಿದೆ. ಅದನ್ನು ಬಳಸುವುದು ಹೇಗೆ ಎಂದು ಬರೆಯುವವಳು ನಾನು. ಡಾಕ್ಯುಮೆಂಟೇಶನ್! ಕೂತು ಮಾಡುವ ಕೆಲಸ, ಸುಖ ಎಂದುಕೊಂಡಿರಾ? ನನ್ನ ಜಾಗಕ್ಕೆ ಬಂದು ನೋಡಿ!

ಎಡವಟ್ಟಾದದ್ದು ಉದಾಹರಣೆಯಲ್ಲಿ. ತೋರಿಸಲು ಒಂದು ರೀಲು ಬೇಕಿತ್ತು. ಕೈಗೆ ಸಿಕ್ಕಿದ್ದು ಗುಣಪಾಲಣ್ಣನ ಹುಲಿಕುಣಿತ. ಅದರ ಲಿಂಕ್ ಹಾಕಿಬಿಟ್ಟೆ. ಏಜೆಂಟ್‌ಗಳೋ... ಬರೆದದ್ದನ್ನು ಬರೆದಂತೆಯೇ ಮಾಡುವ ಜಾತಿ. ಟೂಲ್ ಸಿಕ್ಕಿದ ಪ್ರತಿಯೊಂದು ಏಜೆಂಟೂ ಮೊದಲು ಆ ರೀಲನ್ನೇ ತೆರೆದು ನೋಡಿತು. ತೆರೆದಾಗಲೆಲ್ಲ ಒಂದು ವ್ಯೂ. ಲಕ್ಷಗಳು ದಾಟಿದವು! ಗುಣಪಾಲಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಿನ್ನೆ ನನ್ನ ಬಾಸ್ ಮುಖೇಶ್ ಸರ್ ಕಣ್ಣಿಗೆ ಬಿತ್ತು. “ನಿಜವಾದ ಜನರ ಖಾತೆ ಹಾಕ್ತಾರಾ ಮಾರಾಯ್ತಿ? ತೆಗಿ!” ತೆಗೆದೆ. ವ್ಯೂಸ್ ಅಲ್ಲಿಗೇ ನಿಂತಿತು. ತೆಗೆದವಳು ನಾನೆಂದು ಯಾರೋ ಇವನ ಕಿವಿಗೆ ಊದಿದ್ದಾರೆ!

“ಮಧ್ಯಾಹ್ನ ದುಬೈಯ ನವಾಝ್ ಬರ್ತಾನೆ,” ಗುಣಪಾಲಣ್ಣ ಗುರುಗುಟ್ಟಿದ. “ವ್ಯೂಸ್ ಏರ್ತಾ ಇದ್ರೆ ತಂಡಕ್ಕೆ ದುಬೈಯಲ್ಲಿ ಪ್ರೋಗ್ರಾಂ. ಇಲ್ಲದಿದ್ರೆ ಇಲ್ಲ. ನನ್ನ ರೀಲು ವಾಪಸ್ ಹಾಕು!”

“ಹಾಕಿದ್ರೆ ನನ್ನ ಕೆಲಸ ಹೋಗ್ತದೆ. ಅದನ್ನು ನೋಡಿದ್ದು ಜನ ಅಲ್ಲ ಗುಣಪಾಲಣ್ಣ, ಮೆಷಿನ್!”

“ಸುಳ್ಳು! ಹಾಕ್ತೀಯಾ... ಇಲ್ಲ ನಿನಗೂ ಬಣ್ಣ ಬಳಿಸ್ಲಿಕ್ಕಾ?”

ಆ ಬಣ್ಣ ಬಳಿಯುವಾಗ ಗಂಟೆಗಟ್ಟಲೆ ಕೈ ಚಾಚಿ ನಿಲ್ಲಬೇಕು. ತುರಿಸಿದರೂ ಮುಟ್ಟುವಂತಿಲ್ಲ!

ಹುಲಿಯ ಕಂಕುಳಡಿ ನುಗ್ಗಿದೆ. ಓಡಿದೆ!

ಓಣಿಯ ಬಾಯಲ್ಲಿ ಪರಿಚಯದ ಡೆರಿಲ್‌ನ ರಿಕ್ಷಾ. ಹಾರಿ ಕೂತೆ.

“ಬಿಡಿ ಡೆರಿಲ್, ಬಿಡಿ!”

“ಎಲ್ಲಿಗೆ?”

“ಎಲ್ಲಿಗಾದ್ರೂ!”

“ಎಲ್ಲಿಗಾದ್ರೂ ಅಂದ್ರೆ ಬಾಡಿಗೆ ಎಷ್ಟೂಂತ ಹೇಳುದು ಮಾರಾಯ್ತಿ?”

“ಲಾಲ್‌ಬಾಗ್!”

ತಿರುಗಿ ನೋಡಿದೆ. ಒಂದು ಹುಲಿ ಗುಣಪಾಲಣ್ಣನ ಕಾರಿನ ಬಾಗಿಲು ತೆಗೆದಿತ್ತು.

“ಕೂರ್ಬೇಡ!” ಗುಣಪಾಲಣ್ಣ ಕಿರುಚಿದ. “ಸೀಟು ಬಿಳಿ! ಬಣ್ಣ ಒಣಗ್ಲಿಲ್ಲ!”

ಇನ್ನೊಂದು ರಿಕ್ಷಾದವ ಹಸಿ ಹುಲಿಗಳನ್ನು ಕಂಡದ್ದೇ ಪರಾರಿ! ಸ್ಕೂಟರಿನಲ್ಲಿ ಕೂತರೆ ಪಟ್ಟೆಯೆಲ್ಲ ಸೀಟಿಗೆ. ಕೂರುವಂತಿಲ್ಲ... ಓಡಲೇಬೇಕು.

ಓಡಿದವು! ಅವುಗಳ ಹಿಂದೆ ತಾಸೆ ವಾದ್ಯ ಬಡಿಯುವವರೂ ಓಡಿದರು. ಹುಲಿ ಹೊರಟಿತೆಂದರೆ ಅವರ ಕೈ ಕೇಳುವುದಿಲ್ಲ, ಬಡಿದೇ ಬಡಿದರು. ತಾಸೆ ಕೇಳಿದರೆ ಹುಲಿಯ ಕಾಲು ಕೇಳುತ್ತದೆಯೇ? ನಾಲ್ಕು ಹೆಜ್ಜೆ ಓಟ, ಎರಡು ಹೆಜ್ಜೆ ಕುಣಿತ! ಅದರಿಂದಲೇ ನಾನು ಅಲ್ಲಿಯವರೆಗೆ ಬದುಕಿದೆ.

ಲಾಲ್‌ಬಾಗಿನಲ್ಲಿ ಕೆಂಪು ಸಿಗ್ನಲ್. ಡೆರಿಲ್ ಬ್ರೇಕ್ ಹಾಕಿದ.

“ದಾಟ್ಸಿ!”

“ಫೈನು ನಿನ್ನ ಅಪ್ಪ ಕೊಡ್ತಾರಾ?”

ಹುಲಿಗಳು ಸುತ್ತುಗಟ್ಟಿದವು. ಗುಣಪಾಲಣ್ಣ ಏದುಸಿರು ಬಿಡುತ್ತಾ ರಿಕ್ಷಾದೊಳಗೆ ತಲೆ ತೂರಿಸಿದ.

“ಫೋನ್ ತೆಗಿ... ರೀಲು... ಹಾಕು!”

ತೆಗೆದೆ. ಹಾಕಿದರೆ ಕೆಲಸ ಹೋಗುತ್ತದೆ, ಹಾಕದಿದ್ದರೆ ಮೈಗೆ ಹಳದಿ! ಅಷ್ಟರಲ್ಲಿ ಪಕ್ಕದ ಸಿಟಿ ಬಸ್ಸು ಕಣ್ಣಿಗೆ ಬಿತ್ತು.

“ಗುಣಪಾಲಣ್ಣ, ಆ ಕಿಟಕಿಗಳನ್ನು ನೋಡಿ.”

ಪ್ರತಿ ಕಿಟಕಿಯಲ್ಲೂ ಒಂದು ಫೋನು. ಎಲ್ಲವೂ ಅವನ ಕಡೆಗೆ!

“ಅವರು ಮನುಷ್ಯರು! ಕುಣೀರಿ!”

ರಿಕ್ಷಾದಿಂದ ತಲೆ ಹೊರಗೆಳೆದ. ಆಮೇಲೆ ಕುಣಿದ ನೋಡಿ! ಸಿಗ್ನಲ್ ಹಸಿರಾಯಿತು, ಮತ್ತೆ ಕೆಂಪಾಯಿತು... ಒಂದು ವಾಹನವೂ ಅಲುಗಲಿಲ್ಲ. ಹಾರ್ನ್ ಹಾಕಬೇಕಾದ ಬಸ್ಸಿನ ಡ್ರೈವರ್ ಶಿಳ್ಳೆ ಹಾಕಿದ!

ರಿಕ್ಷಾವನ್ನು ಅಟ್ಟಿ ಸಿಗ್ನಲ್‌ನಲ್ಲಿ ಕುಣಿದ ಹುಲಿಗಳ ವಿಡಿಯೋ ನವಾಝ್ ಮಂಗಳೂರು ಮುಟ್ಟುವ ಮೊದಲೇ ಅವನ ಫೋನ್ ಮುಟ್ಟಿತು. ದುಬೈ ಪಕ್ಕಾ!

ಸಂಜೆ ಗುಣಪಾಲಣ್ಣ ತನ್ನ ಹೋಟೆಲಿಗೆ ಕರೆದು ತಟ್ಟೆ ತುಂಬ ಗೋಳಿಬಜೆ ಕೊಟ್ಟ. ಆ ವಿಡಿಯೋದ ವ್ಯೂಸ್ ಏರುತ್ತಲೇ ಇತ್ತು. ಅಷ್ಟೂ ಅಪ್ಪಟ ಮನುಷ್ಯರದ್ದು! ಖುಷಿಯಿಂದ ಕಮೆಂಟ್ ಓದತೊಡಗಿದ. ಒಂದು... ಎರಡು... ಮುಖ ಬಾಡಿತು.

“ಎಂತ ಆಯ್ತು?”

ಫೋನು ನನ್ನತ್ತ ಚಾಚಿದ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಹೆಚ್ಚು ಲೈಕ್ ಸಿಕ್ಕಿದ ಕಮೆಂಟ್: ‘ದೊಡ್ಡ ಹುಲಿಗೆ ಎಷ್ಟನೇ ತಿಂಗಳು?’

“ಆ ಮೆಷಿನ್‌ಗಳು ಒಂದು ದಿನ ಹೀಗೆ ಹೇಳ್ಲಿಲ್ಲ, ತಂಗಿ.” ತಟ್ಟೆಯನ್ನು ನನ್ನತ್ತ ಇನ್ನಷ್ಟು ಸರಿಸಿದ. “ಅವ್ರನ್ನೇ ವಾಪಸ್ ಕರೀಲಿಕ್ಕೆ ಆಗ್ತದಾ?”

ಪಾಪ ಅನ್ನಿಸಿತು. ಆದರೂ ಗೋಳಿಬಜೆ ಬಿಡಲಿಲ್ಲ.

“ಆಗುದಿಲ್ಲ ಗುಣಪಾಲಣ್ಣ. ಇನ್ನು ನೋಡುದು ಮನುಷ್ಯರು... ಹೊಟ್ಟೆ ಒಳಗೆ ಎಳ್ಕೊಳ್ಳಿ!”