ಮೊದಲ ಸರದಿಯ ವೈರ್ ಬ್ಯಾಗು

ಹೊಂಗನೂರಿನಲ್ಲಿ ನಾನು ಕ್ಲಿನಿಕ್ ಇಟ್ಟು ಹತ್ತೊಂಬತ್ತು ವರ್ಷವಾಯಿತು. ಇಲ್ಲಿ ರೇಷ್ಮೆಹುಳು ಸಾಕುವವರಿಗೆ ಕೂತು ಕಾಯಲು ಪುರುಸೊತ್ತಿಲ್ಲ. ಜಗಲಿಯ ಬೆಂಚಿನ ಮೇಲೆ ಟವೆಲ್ಲೋ ಚೀಲವೋ ಇಟ್ಟು ಸರದಿ ಹಿಡಿದು, ಮನೆಗೆ ಹೋಗಿ ಬರುತ್ತಾರೆ.

ಕಳೆದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಚಿಕ್ಕಲಕ್ಷ್ಮಮ್ಮ ಎಲ್ಲರಿಗಿಂತ ಮೊದಲು ಬಂದು ತಮ್ಮ ನೀಲಿ ವೈರ್ ಬ್ಯಾಗನ್ನು ಬೆಂಚಿನ ಮೇಲಿಟ್ಟರು.

"ಎದೆ ಒಸಿ ಹಿಡ್ದಂಗೈತೆ ಡಾಕ್ಟ್ರೇ. ಹುಳ ಹಸ್ಕೊಂಡವೆ, ಸೊಪ್ಪು ಹಾಕ್ಬುಟ್ಟು ಬತ್ತೀನಿ" ಎಂದರು.

ಅವರ ಹಣೆ ಬೆವೆತಿದ್ದುದನ್ನು ನೋಡಿದೆ. ಸ್ಟೆತಸ್ಕೋಪು ನನ್ನ ಕೊರಳಲ್ಲೇ ಇತ್ತು. ಆದರೂ "ಹೋಗಿ ಬನ್ನಿ" ಎಂದುಬಿಟ್ಟೆ. ಅವರು ಹುಳುಗಳಿಗೆ ಸೊಪ್ಪು ಹಾಕುತ್ತಲೇ ಕುಸಿದು ತೀರಿಕೊಂಡರು. ಬೆಂಚಿನ ಮೇಲೆ ಉಳಿದಿದ್ದ ಬ್ಯಾಗನ್ನು ಮನೆಯವರು ಬಂದು ಒಯ್ದರು.

ಹನ್ನೆರಡನೆಯ ದಿನ ನಾನು ಕ್ಲಿನಿಕ್ ಬಾಗಿಲು ತೆಗೆಯಲು ಬಂದಾಗ ಬೆಂಚಿನ ಮೊದಲಿಗೆ ಅದೇ ಬ್ಯಾಗಿತ್ತು. ಒಳಗಿದ್ದ ಹಿಪ್ಪುನೇರಳೆ ಸೊಪ್ಪು ಆಗತಾನೇ ಕೊಯ್ದಂತೆ ತಣ್ಣಗಿತ್ತು. ಅದರೊಳಗಿಂದ ಹುಳು ಮೇಯುವ ಸದ್ದು, ಸೋನೆ ಮಳೆಯಂತೆ ಸಣ್ಣಗೆ, ಬಿಡದೆ ಕೇಳುತ್ತಿತ್ತು. ಸೊಪ್ಪನ್ನು ಮಗುಚಿ ನೋಡಿದೆ. ಒಂದು ಹುಳುವೂ ಇರಲಿಲ್ಲ.

ಅವರ ಮಗ ಲೋಕೇಶನಿಗೆ ಫೋನ್ ಮಾಡಿದೆ.

"ಆ ಬ್ಯಾಗ್ನ ಅವ್ವನ ಜೊತೇಲೇ ಮಣ್ಣಿಗೆ ಹಾಕ್ಬುಟ್ವಲ್ಲ ಸಾರ್" ಎಂದ.

ಬ್ಯಾಗಿನ ಪಕ್ಕ ಟವೆಲ್ ಇಟ್ಟಿದ್ದ ಮರಿಯಪ್ಪನನ್ನು ಒಳಗೆ ಕರೆದೆ. ಆತ ಟವೆಲ್ ಎತ್ತಿಕೊಳ್ಳಲಿಲ್ಲ.

"ನನ್ಗಿಂತ ಮುಂಚೆ ಒಬ್ರು ಅವ್ರೆ ಸಾರ್" ಎಂದ.

ಅಂದು ಕೂಗಬೇಕಿದ್ದ ಹೆಸರನ್ನು ಕೂಗಿದೆ. "ಚಿಕ್ಕಲಕ್ಷ್ಮಮ್ಮ, ಬನ್ನಿ."

ಹುಳು ಮೇಯುವ ಸದ್ದು ನಿಂತಿತು.