ಡ್ರೈವಿಂಗ್ ಮೇಡಂ ಮತ್ತು ಗಡಿಯಾಚೆಯ ದುಭಾಷಿ

"ನಾನು ಹೇಳಿದ್ದು ಅದಲ್ಲ."

ತುಂಬಿದ ಸಭಾಂಗಣದಲ್ಲಿ ಅವಳು ಎದ್ದು ನಿಂತು ದುಭಾಷಿಯನ್ನು ದುರುಗುಟ್ಟಿ ನೋಡಿದಳು. ಮೈಕ್ ಹಿಡಿದಿದ್ದ ಅವನು ತಬ್ಬಿಬ್ಬಾದ.

ಅವಳು ಊರಿನಲ್ಲಿ ಡ್ರೈವಿಂಗ್ ಶಾಲೆ ನಡೆಸುತ್ತಿದ್ದವಳು. ಮೂವತ್ತು ದಾಟಿದರೂ ಮದುವೆಯಾಗದೆ ಅಮ್ಮ, ಅಣ್ಣನ ಜೊತೆಗಿದ್ದಳು. ಎಲ್ಲರ ಬಾಯಲ್ಲೂ ಅವಳು ಡ್ರೈವಿಂಗ್ ಮೇಡಂ. ಈ ಸಲ ನಗರಸಭೆ ಚುನಾವಣೆಗೆ ನಿಂತಿದ್ದಳು. ಆ ವಾರ್ಡಿನಲ್ಲಿ ಹೆಣ್ಣೊಬ್ಬಳು ಕಣಕ್ಕಿಳಿದದ್ದು ಅದೇ ಮೊದಲು.

ಅಕ್ಕಪಕ್ಕದ ದೇಶಗಳ ಮಹಿಳೆಯರು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡಿದ್ದರು. ಒಂದು ದೇಶದಲ್ಲಿ ಗೆದ್ದವರು ಇನ್ನೊಂದು ದೇಶಕ್ಕೆ ಹೋಗಿ, ಹೊಸದಾಗಿ ನಿಂತವರಿಗೆ ರಾಜಕೀಯದ ಪಾಠ ಹೇಳಿಕೊಡುತ್ತಿದ್ದರು. ಹಾಗೆ ಗಡಿಯಾಚೆಯಿಂದ ಬಂದವರು ಮಾಜಿ ಮೇಯರಮ್ಮ. ಅವರ ಜೊತೆ ಬಂದವನೇ ಈ ದುಭಾಷಿ.

ನಿಮಗೇನು ಅನ್ನಿಸುತ್ತಿದೆ ಎಂದು ಮೇಯರಮ್ಮ ಕೇಳಿದಾಗ, ತುಂಬಾ ಭಯವಾಗುತ್ತಿದೆ ಎಂದಿದ್ದಳು. ಅವನು ಅದನ್ನು, ತುಂಬಾ ಉತ್ಸಾಹವಾಗುತ್ತಿದೆ ಎಂದು ಬದಲಿಸಿ ಹೇಳಿದ್ದ. ಆಚೆಯ ಭಾಷೆ ಅವಳಿಗೂ ತಕ್ಕಮಟ್ಟಿಗೆ ಬರುತ್ತಿತ್ತು.

"ಇಷ್ಟು ಜನರ ಮುಂದೆ ನಿಮ್ಮ ಮರ್ಯಾದೆ ಹೋಗಬಾರದು ಅಂತ..." ಅವನು ತಡವರಿಸಿದ.

"ನನ್ನ ಭಯ ನನ್ನದು. ಅದನ್ನ ಮುಚ್ಚಿಡೋಕೆ ನೀವ್ಯಾರು?"

ಅವನು ಅವಳ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿ, ಎಲ್ಲರೆದುರೇ ಕ್ಷಮೆ ಕೇಳಿದ. ತಪ್ಪೊಪ್ಪಿಕೊಳ್ಳುವ ಗಂಡಸನ್ನು ಅವಳು ಅಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ.

ಹೊರದೇಶದವರು ಪ್ರಚಾರ ಮಾಡುವಂತಿರಲಿಲ್ಲ. ಹಾಗಾಗಿ ಮೇಯರಮ್ಮ ದೂರದಲ್ಲಿ ನಿಂತು ಅವಳ ಭಾಷಣ ಕೇಳಿ, ಸಂಜೆ ತಪ್ಪು ತಿದ್ದುತ್ತಿದ್ದರು. ಆಮೇಲೆ ಅವನು ಅವಳ ಕಾರಿನಲ್ಲಿ ಡ್ರೈವಿಂಗ್ ಕಲಿಯಲು ಕೂರುತ್ತಿದ್ದ. ಕ್ಲಚ್ ಬಿಟ್ಟಾಗಲೆಲ್ಲ ಗಾಡಿ ಗಕ್ಕನೆ ನಿಂತು, ಹಿಂದಿನ ಬಸ್ಸಿನವನಿಂದ ಬೈಗುಳ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಒಂದು ಸಂಜೆ ಹಾಗೆ ನಗುತ್ತಲೇ, ಇಡೀ ದಿನ ತಾನು ಇದೇ ಗಳಿಗೆಗೆ ಕಾಯುತ್ತಿರುತ್ತೇನೆ ಎಂಬುದು ಹೊಳೆದು ಸುಮ್ಮನಾದಳು.

ಅವನ ಕೈಮೇಲೆ ಕೈಯಿಟ್ಟು ಗೇರ್ ಹಾಕಿಸುತ್ತಿದ್ದಾಗ ಯಾರೋ ಫೋಟೊ ತೆಗೆದರು. ಬೆಳಗಾಗುವಷ್ಟರಲ್ಲಿ ಅದು ಇಡೀ ವಾರ್ಡಿನ ಮೊಬೈಲುಗಳಲ್ಲಿತ್ತು. ಪರದೇಶದವನ ಜೊತೆ ಸುತ್ತುವವಳಿಗೆ ವೋಟು ಬೇಕಂತೆ ಎಂದು ಎದುರಾಳಿಯ ಕಡೆಯವರು ಆಡಿಕೊಂಡು ನಕ್ಕರು. ಅಣ್ಣ ಶಾಲೆಯ ಶಟರ್ ಎಳೆದು ಬೀಗ ಜಡಿದ. ಅಮ್ಮ ಮಾತು ಬಿಟ್ಟಳು.

ಅವನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಅವನಿದ್ದ ಲಾಡ್ಜಿಗೆ ಓಡಿದಳು. ಬೆಳಗಿನ ಬಸ್ಸಿಗೇ ಹೊರಟುಹೋದರು ಎಂದರು.

'ಒಂದು ಮಾತು... ಒಂದೇ ಒಂದು ಮಾತು ಹೇಳಿ ಹೋಗಬಾರದಿತ್ತಾ?'

ವೋಟು ಕೇಳಲು ಹೋದಾಗ, ಅವಳೇ ಸ್ಕೂಟರ್ ಕಲಿಸಿದ್ದ ಹೆಣ್ಣುಮಗಳೊಬ್ಬಳು, ಗಂಡ ಬೈತಾರೆ, ಇನ್ನು ಬರಬೇಡಿ ಎಂದು ಪಿಸುಗುಟ್ಟಿ ಕದ ಹಾಕಿಕೊಂಡಳು. ಮುಚ್ಚಿದ ಆ ಕದದ ಮುಂದೆ ಅವಳು ಬಹಳ ಹೊತ್ತು ನಿಂತಿದ್ದಳು. ಮನೆಗೆ ಬಂದು ಮಲಗಿಬಿಟ್ಟಳು. ಹಾಸಿಗೆ ಬಿಟ್ಟು ಏಳುವುದೇ ಬೇಡ ಎನಿಸಿತು. ಹಿಂದೆ ಸರಿಯೋಣವೆಂದರೆ ಅದರ ಗಡುವೂ ಮುಗಿದುಹೋಗಿತ್ತು.

ಹುಡುಕಿಕೊಂಡು ಬಂದ ಮೇಯರಮ್ಮ ಹಾಸಿಗೆಯ ಅಂಚಿನಲ್ಲಿ ಕುಳಿತು, ತಮ್ಮ ಭಾಷೆಯಲ್ಲೇ ನಿಧಾನವಾಗಿ ಹೇಳಿದರು. ಅವನನ್ನು ಕಳಿಸಿದ್ದು ತಾವೇ. ಅವನೇ ಅವಳ ಪ್ರಚಾರ ಮಾಡುತ್ತಿದ್ದಾನೆಂದು ಯಾರಾದರೂ ದೂರು ಕೊಟ್ಟರೆ ಅವಳ ಸ್ಪರ್ಧೆಗೇ ಸಂಚಕಾರ ಬರುತ್ತದೆಂದು ಹೆದರಿ, ಫೋನನ್ನೂ ಮಾಡಬೇಡ ಎಂದಿದ್ದರು. ಬಸ್ ಹತ್ತುವಾಗ ಅವನು ಅಳುತ್ತಿದ್ದನಂತೆ.

ಅವಳು ಎದ್ದು ಕುಳಿತಳು.

"ಅಣ್ಣ ಬೀಗ ಹಾಕಿದ. ನೀವು ಅವರನ್ನ ಕಳಿಸಿದ್ರಿ. ಅವರು ಹೋದರು. ಎಲ್ಲಾ ನನ್ನ ಒಳ್ಳೇದಕ್ಕೇ. ನನ್ನನ್ನ ಒಂದು ಮಾತು ಕೇಳಿದವರು ಯಾರಮ್ಮ?"



ಮರುದಿನ ಮಾರುಕಟ್ಟೆ ಚೌಕದಲ್ಲಿ ಕೊನೆಯ ಸಭೆ. ಅವಳು ಒಬ್ಬಳೇ ಹೋದಳು. ಮಾತು ಶುರುವಾಗುವ ಮೊದಲೇ ಗುಂಪಿನಿಂದ ಒಬ್ಬ, ಆ ಪರದೇಶದವನು ನಿನಗೇನಾಗಬೇಕು ಎಂದು ಕೂಗಿದ.

"ನಾನು ಪ್ರೀತಿಸೋ ಮನುಷ್ಯ," ಎಂದಳು. ಅವನಿಗೇ ಇನ್ನೂ ಹೇಳಿರದ ಮಾತು ಊರ ಮುಂದೆ ಬಾಯಿಂದ ಬಂದುಬಿಟ್ಟಿತ್ತು. "ನನ್ನ ಎದುರಾಳಿ ಯಾರನ್ನ ಪ್ರೀತಿಸ್ತಾರೆ ಅಂತ ಯಾವತ್ತಾದ್ರೂ ಕೇಳಿದ್ರಾ? ಬೀದಿದೀಪ ಇಲ್ಲದೆ ನಿಮ್ಮ ಮಗಳು ಕತ್ತಲಲ್ಲಿ ನಡೀತಾಳೆ. ಅದನ್ನ ಕೇಳಿ, ಹೇಳ್ತೀನಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ಹಿಂದೆ ನಿಂತಿದ್ದ ಹೆಂಗಸರು ಒಬ್ಬೊಬ್ಬರೇ ಮುಂದೆ ಬಂದು ಕುಳಿತರು.

ಅವಳು ಸೋತಳು. ಠೇವಣಿಯೂ ಉಳಿಯುವುದಿಲ್ಲ ಎಂದಿದ್ದವರ ಬಾಯಿ ಮುಚ್ಚಿಸುವಷ್ಟು ವೋಟು ಬಿದ್ದಿದ್ದವು, ನಿಜ. ಅಣ್ಣನೂ ಮುಖ ತಪ್ಪಿಸುತ್ತಲೇ ಬಂದು ಶಾಲೆಯ ಬೀಗ ತೆಗೆದುಕೊಟ್ಟ. ಆದರೂ ಒಳಗೆ ಒಬ್ಬಳೇ ಕುಳಿತಾಗ ದುಃಖ ಒತ್ತರಿಸಿ ಬಂತು.

ಅಳುತ್ತಲೇ ತಲೆಯೆತ್ತಿದರೆ, ಬಾಗಿಲಲ್ಲಿ ಅವನು! ಹೆಗಲಲ್ಲಿ ಚೀಲ, ಮುಖದ ತುಂಬ ಪ್ರಯಾಣದ ಧೂಳು.

"ಸೋತುಹೋದೆ..."

"ಗೊತ್ತಾಯ್ತು. ಗೆದ್ದಿದ್ರೂ ಬರ್ತಿದ್ದೆ."

"ಹೇಳದೇ ಹೋದ್ರಿ."

"ನಿಮ್ಮ ದಾರಿಗೆ ಅಡ್ಡ ಆಗಬಾರದು ಅಂತ..."

"ಅದನ್ನ ತೀರ್ಮಾನ ಮಾಡಬೇಕಾದವಳು ನಾನು."

ಅವನು ಚೀಲ ಕೆಳಗಿಟ್ಟ.

"ತಪ್ಪಾಯ್ತು. ಈಗ ಕೇಳ್ತೀನಿ. ಮತ್ತೆ ಚುನಾವಣೆಗೆ ನಿಲ್ತೀರಾ?"

"ನಿಲ್ತೀನಿ."

"ನಾನು... ನಿಮ್ಮ ಜೊತೆ ಇರಲಾ?"

ಇಷ್ಟು ದಿನವೂ ಅವನನ್ನು ಬಹುವಚನದಲ್ಲೇ ಮಾತಾಡಿಸಿದವಳು, ಅಂಗೈಯಿಂದ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

"ಇರು," ಎಂದಳು.