ಬೊಳ್ಳಿಕುದ್ರಿನಲ್ಲಿ ಕೇಳಿದ ಕೂ

ಹೊಳೆಗೆ ಹಾಕಿದ್ದ ಕಟ್ಟ ಕಡಿದರು, ನೀರು ಇಳಿಯಿತು. ನೀರು ಇಳಿದ ಮೇಲೆ ದಮಯಂತಿ ಸಿಕ್ಕಿದಳು.

ಕಟ್ಟದ ಬುಡದ ಗುಂಡಿಯಲ್ಲಿ ಮಗ್ಗುಲಾಗಿ ಮಲಗಿದ್ದಳು. ಮದುವೆಯಾಗಿ ತಿಂಗಳು ತುಂಬಿರದ ಹುಡುಗಿ. ಮೈಮೇಲೆ ಮಾವಿನ ಚಿಗುರಿನ ಬಣ್ಣದ ಸೀರೆ, ಕತ್ತಿನಲ್ಲಿ ಹೊಸ ಕರಿಮಣಿ, ಕಾಲು ಬರಿಗಾಲು. ಅವಳನ್ನು ಎತ್ತಿ ಮರಳಿನ ಮೇಲೆ ಮಲಗಿಸುವಾಗ ಗುದ್ದಲಿ ಹಿಡಿದಿದ್ದ ಗಂಡಸರೆಲ್ಲ ತಲೆಗೆ ಸುತ್ತಿದ ಬಟ್ಟೆ ತೆಗೆದರು.

ಕುಕ್ಕಪ್ಪ ದಡದಲ್ಲಿ ನಿಂತು ನೋಡಿದ. ಹೆಡ್ ಕಾನ್‌ಸ್ಟೇಬಲ್ ಆಗಿ ಪೆನ್ಶನ್ ಪಡೆದವನು, ಹೆಣ ನೋಡಿ ಅಭ್ಯಾಸ ಇದ್ದವನು. ಆದರೆ ಇವಳು ತನ್ನ ತಮ್ಮ ದೇರಣ್ಣನ ಮಗಳು. ಮಳೆಗಾಲದಲ್ಲಿ ತೋಡು ದಾಟಿಸಿ, ಹೆಗಲ ಮೇಲೆ ಕೂರಿಸಿಕೊಂಡು ಇವನೇ ಶಾಲೆಗೆ ಬಿಟ್ಟು ಬಂದ ಮಗು. ಗುರುತು ಹಿಡಿಯಲಿಕ್ಕೆಂದು ಪೊಲೀಸರು ಅವನನ್ನು ಸುಳ್ಯದಿಂದ ಜೀಪಿನಲ್ಲಿ ಕರೆತಂದಿದ್ದರು. ಎಂತ ಗುರುತು! ದೂರದಿಂದ ಕಾಲಿನ ಪಾದ ಕಂಡದ್ದೇ ಅವನಿಗೆ ಸಾಕಾಯಿತು.

"ನಮ್ಮವಳೇ" ಎಂದ.

ದೇರಣ್ಣ ಆಗಲೇ ಅಲ್ಲಿದ್ದ. ಕೊಡೆಯನ್ನು ಕಂಕುಳಲ್ಲಿ ಅವುಚಿಕೊಂಡು ಕುಸಿದು ಕೂತು ಅಳುತ್ತಿದ್ದ. ಸೇವೆ ಮಾಡಿಸಲು ಹಿಂದಿನ ದಿನವೇ ಸುಬ್ರಹ್ಮಣ್ಯಕ್ಕೆ ಹೋದವನು, ಬಸ್ಸಿನಲ್ಲಿ ಯಾರೋ ಆಡಿಕೊಳ್ಳುವುದು ಕೇಳಿ ಮಧ್ಯಾಹ್ನ ಓಡಿ ಬಂದನಂತೆ. ಅಣ್ಣ ಹತ್ತಿರ ಹೋಗಿ ಬೆನ್ನು ಸವರಿದ. ಓಡಿಹೋಗಿ ಮದುವೆಯಾದ ಮಗಳ ಹೆಸರನ್ನು ಮನೆಯಲ್ಲಿ ಯಾರೂ ಎತ್ತಬಾರದು ಎಂದು ಆಣೆ ಹಾಕಿದ್ದವನು ದೇರಣ್ಣನೇ. ಈಗ ಅದೇ ಹೆಸರು ಹಿಡಿದು ಅಳುತ್ತಿದ್ದ.

*

ಬೊಳ್ಳಿಕುದ್ರು ಎಂದರೆ ಆಲಂಕಾರು, ರಾಮಕುಂಜದ ಕಡೆಯವರಿಗೆಲ್ಲ ಒಂದು ಬೆರಗು. ಕುಮಾರಧಾರೆಗೆ ಸೇರುವ ಒಂದು ಹೊಳೆಯ ನಡುವಿನ ದ್ವೀಪ ಅದು. ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದ ಧಣಿಯೊಬ್ಬರು ಅಲ್ಲಿ ಬಂಗಲೆ ಕಟ್ಟಿಸಿದ್ದರು. ಬಿಳಿ ಮರಳು ಹಾಸಿ, ತೆಂಗಿನ ಮರಗಳ ನಡುವೆ ಉಯ್ಯಾಲೆ ತೂಗಿಸಿದ್ದರು. ಪರದೆ ಇಳಿಬಿಟ್ಟ ಮಂಚ, ಪಿಂಗಾಣಿಯ ಸ್ನಾನದ ತೊಟ್ಟಿ, ಗ್ರಾಮಫೋನು, ನೀರಿನ ಅಂಚಿನಲ್ಲಿ ಜೋಡಿ ಜೋಡಿಯಾಗಿ ಬೆತ್ತದ ಕುರ್ಚಿ. ಕಾಫಿ ತೋಟದವರೂ ಹಂಚಿನ ಕಾರ್ಖಾನೆಯವರ ಮಕ್ಕಳೂ ಹೊಸ ಹೆಂಡತಿಯನ್ನು ಕರೆದುಕೊಂಡು ಬರುವ ಜಾಗ.

ಅದೂ ಬೇಸಗೆಯಲ್ಲಿ ಮಾತ್ರ. ಮಕರ ತಿಂಗಳಲ್ಲಿ ಊರವರು ತೋಟಗಳಿಗೆ ನೀರು ಬೇಕೆಂದು ಕುದ್ರಿನ ಕೆಳಗೆ ಹೊಳೆಗೆ ಅಡ್ಡ ಕಲ್ಲು, ಹಲಗೆ, ಮಣ್ಣಿನ ಕಟ್ಟ ಹಾಕುತ್ತಾರೆ. ಎರಡೂ ದಡದಿಂದ ಬಂದ ಕಟ್ಟ ಕುದ್ರಿನ ಬಾಲಕ್ಕೆ, ಅಂದರೆ ಅದರ ಕೆಳತುದಿಗೆ, ತಾಗುತ್ತದೆ. ಆಮೇಲೆ ಹೊಳೆ ಹರಿಯುವುದಿಲ್ಲ. ಸುತ್ತ ನೀರು ಏರಿ, ಅಲುಗದೆ, ಹಸಿರಾಗಿ ನಿಲ್ಲುತ್ತದೆ. ಧಣಿಗಳ ಮಕ್ಕಳು ಮೆಚ್ಚಿಕೊಳ್ಳುವುದು ಆ ನಿಂತ ನೀರನ್ನೇ.

ದಮಯಂತಿಯ ಗಂಡ ಉದಯಶಂಕರ ಪುತ್ತೂರಿನ ಭಟ್ಟರ ಮಗ. ಗೌಡರ ಹುಡುಗಿಯನ್ನು ಕಟ್ಟಿಕೊಂಡನೆಂದು ಅವನ ಮನೆಯ ಬಾಗಿಲೂ ಮುಚ್ಚಿತ್ತು. ಬಂಗಲೆಯ ಮ್ಯಾನೇಜರು ಅವನ ಕಾಲೇಜಿನ ಗೆಳೆಯ; ಒಂದು ವಾರ ಸುಖವಾಗಿರಿ ಎಂದು ಕರೆದಿದ್ದ. ಈಗ ಅದೇ ಬಂಗಲೆಯ ಜಗಲಿಯಲ್ಲಿ ಅವನ ಕೈಗೆ ಕೋಳ ಬಿದ್ದಿತ್ತು.

ಸಬ್ ಇನ್‌ಸ್ಪೆಕ್ಟರ್ ತಿರುಮಲೇಶ್ವರರು ಪುತ್ತೂರಿನಿಂದ ಬಂದಿದ್ದರು. ಅವರು ತರ್ಕ ಬಿಡಿಸಿ ಹೇಳಿದರು. ಹಿಂದಿನ ಸಂಜೆ ಗಂಡ ಹೆಂಡಿರಿಗೆ ಮಾತಾಗಿದೆ, ಮ್ಯಾನೇಜರು ಕೇಳಿದ್ದಾನೆ. ಅವಳು ಒಮ್ಮೆ ತವರಿಗೆ ಹೋಗಿ ತಪ್ಪಾಯಿತೆನ್ನುತ್ತೇನೆ ಎಂದಳಂತೆ, ಇವನು ಈಗ ಬೇಡ ಎಂದನಂತೆ. ಬೆಳಿಗ್ಗೆ ಸ್ನಾನದ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ತಳ್ಳಿದ್ದಾನೆ. ಚಪ್ಪಲಿ ಆ ಮೆಟ್ಟಿಲಿನಲ್ಲೇ ಸಿಕ್ಕಿದೆ. ಕಟ್ಟ ಕಡಿದಾಗ ಹರಿದ ನೀರು ಹೆಣವನ್ನು ಕೆಳಗೆ ಎಳೆದಿದೆ. ಇವನ ಕೈಮೇಲೆ ಗೀರಿದ ಗಾಯವೂ ಉಂಟು.

ಗಾಯ ಬಿದಿರಿನ ಗಳದ್ದು ಎಂದ ಉದಯಶಂಕರ. ಎದ್ದು ನೋಡಿದಾಗ ಅವಳಿರಲಿಲ್ಲ. ದೋಣಿಯ ಮೊಯ್ದಿನಬ್ಬನ ಜೊತೆ ಬೆಳಗಿನಿಂದ ಗಳ ಹಾಕಿ ಹುಡುಕಿದೆ ಎಂದ. ಆಮೇಲೆ ಕುಕ್ಕಪ್ಪನ ಮುಖ ನೋಡಿ ಹೇಳಿದ:

"ಅವಳಿಗೆ ನೀರೆಂದರೆ ಹೆದರಿಕೆ, ದೊಡ್ಡಪ್ಪ. ಕುರ್ಚಿಯಲ್ಲಿ ಕೂತು ಪಾದ ಮಾತ್ರ ಬಿಡುದು. ಅವಳು ಹೊಳೆಗೆ ಇಳಿಯುವವಳಲ್ಲ."

ದೊಡ್ಡಪ್ಪನಂತೆ! ಕುಕ್ಕಪ್ಪನಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಇವನೊಬ್ಬ ಇರದಿದ್ದರೆ ಮಗು ಮನೆಯಲ್ಲೇ ಇರುತ್ತಿತ್ತು. ಇವನೇ ಮಾಡಿದ್ದಾಗಿರಲಿ ದೇವರೇ, ಇವನಿಗೇ ಗಲ್ಲು ಆಗಲಿ. ಮನಸ್ಸಿನಲ್ಲಿ ಹೀಗೆ ಬೇಡಿಕೊಂಡು ಅವನು ಮೆಟ್ಟಿಲು ನೋಡಲು ಇಳಿದ.

*

ಚಪ್ಪಲಿಯನ್ನು ಸಿಕ್ಕಿದಲ್ಲೇ ಬಿಟ್ಟು ಒಬ್ಬ ಪೊಲೀಸನನ್ನು ಕಾವಲಿಗೆ ನಿಲ್ಲಿಸಿದ್ದರು. ಕೆಂಪು ತೊಗಲಿನ ಚಪ್ಪಲಿ, ಮುಂದಿನ ಪಟ್ಟಿಗೆ ಸಣ್ಣ ಸಣ್ಣ ಹಿತ್ತಾಳೆಯ ಮಣಿ. ದೇರಣ್ಣನೇ ಪುತ್ತೂರಿನ ಪೇಟೆಯಿಂದ ತಂದುಕೊಟ್ಟದ್ದು. ಎಡಗಾಲಿನದರಲ್ಲಿ ಒಂದು ಮಣಿ ಉದುರಿ ನೂಲು ಎದ್ದಿತ್ತು.

ಕುಕ್ಕಪ್ಪ ಚಪ್ಪಲಿ ಎತ್ತಿ ಮಗುಚಿ ನೋಡಿದ. ಅಟ್ಟೆಗೆ ಹಸಿರು ಪಾಚಿ ಅಂಟಿತ್ತು, ಮೇಲಿನ ತೊಗಲು ಒಣಗಿತ್ತು. ಮೆಟ್ಟಿಲು ನೋಡಿದ. ಜಾರುವ ಪಾಚಿ, ಅದರ ಮೇಲೆ ಒಂದು ಸತ್ತ ಸೀಗಡಿ. ತಲೆ ಎತ್ತಿದ. ಅವನು ನಿಂತ ಮೆಟ್ಟಿಲಿಗಿಂತ ಎಷ್ಟೋ ಮೇಲೆ ಗೋಡೆಯ ಮೇಲೆ ನೀರು ನಿಂತ ಗೆರೆ ಕಪ್ಪಾಗಿ ಕಾಣುತ್ತಿತ್ತು.

ಮೊಯ್ದಿನಬ್ಬನನ್ನು ಕರೆಸಿದ. ಬೆಳಗಿನಿಂದ ಊರವರು ಅವನನ್ನೂ ಬಿಟ್ಟಿರಲಿಲ್ಲ. ದೋಣಿಯವನಿಗೆ ಗೊತ್ತಿಲ್ಲದೆ ಕುದ್ರಿನಿಂದ ಹೆಣ್ಣು ಎಲ್ಲಿ ಹೋಗುತ್ತಾಳೆ ಎಂದು ಇಬ್ಬರು ಅವನ ಕುತ್ತಿಗೆಗೇ ಕೈ ಹಾಕಿದ್ದರು. ಹೆಂಡತಿ ಐಸಮ್ಮ ಅಡ್ಡ ಬಂದು ಬಿಡಿಸಿದ್ದಳು.

"ಈ ಮೆಟ್ಟಿಲು ಬೆಳಿಗ್ಗೆ ಕಾಣ್ತಿತ್ತಾ?" ಎಂದ ಕುಕ್ಕಪ್ಪ.

"ಎಲ್ಲಿ ಮಾರಾಯ್ರೆ. ಕಟ್ಟ ಹಾಕಿದಲ್ಲಿಂದ ಇದು ನೀರಿನಡಿ. ಇವತ್ತು ಕಟ್ಟ ಕಡಿದ ಮೇಲೆ ಕಂಡದ್ದು."

ಕುಕ್ಕಪ್ಪ ಇನ್ನೊಮ್ಮೆ ಗೋಡೆಯ ಮೇಲಿನ ಗೆರೆ ನೋಡಿದ. ಬೆಳಿಗ್ಗೆ ನೀರಿನಡಿ ಇದ್ದ ಕಲ್ಲಿನ ಮೇಲೆ ಬೆಳಿಗ್ಗೆ ಚಪ್ಪಲಿ ಬಿಡುವುದು ಹೇಗೆ? ನೀರು ಇಳಿದ ಮೇಲೆ ಯಾರೋ ತಂದು ಇಟ್ಟಿದ್ದಾರೆ. ಇನ್‌ಸ್ಪೆಕ್ಟರರು ಬಂದದ್ದೇ ನೀರು ಇಳಿದ ಮೇಲೆ, ಅವರಿಗೆ ಇದು ಹೊಳೆದಿಲ್ಲ. ಇಟ್ಟವನಿಗೂ ಹೊಳೆದಿಲ್ಲ. ಅಂದರೆ ಅವನೂ ಈ ಮೆಟ್ಟಿಲನ್ನು ಮೊದಲ ಸಲ ಕಂಡದ್ದು ಮಧ್ಯಾಹ್ನದ ಮೇಲೆಯೇ.

ಉದಯಶಂಕರ ಅಲ್ಲ. ಅವನೂ ಮೊಯ್ದಿನಬ್ಬನೂ ಆಗ ಒಂದೇ ದೋಣಿಯಲ್ಲಿದ್ದರು, ನೀರು ಇಳಿದು ದೋಣಿ ಆಚೆ ದಡದ ಕೆಸರಿನಲ್ಲಿ ಹೂತು, ಪೊಲೀಸರು ಬಂದ ಮೇಲೆಯೇ ಈಚೆಗೆ ಬಂದವರು. ಸಾಲದ್ದಕ್ಕೆ ಇಬ್ಬರೂ ದಿನಾ ಆ ನೀರನ್ನು ಕಂಡವರು. ಕುಕ್ಕಪ್ಪನಿಗೆ ಸಿಟ್ಟು ಬಂತು. ಬೇಡಿಕೊಂಡದ್ದು ಕೈತಪ್ಪಿ ಹೋಯಿತಲ್ಲ ಎಂಬ ಸಿಟ್ಟು.

ಹಾಗಾದರೆ ಚಪ್ಪಲಿ ಮೊದಲು ಎಲ್ಲಿತ್ತು? ಅದನ್ನು ಅವನು ಯೋಚಿಸಲೇ ಬೇಕಾಗಲಿಲ್ಲ. ಕಟ್ಟಕ್ಕೆ ತೆಂಗಿನಕಾಯಿ ಒಡೆದು ಕೈಮುಗಿದೇ ನೀರು ಹರಿಯುವ ಬಾಯಿ ಮುಚ್ಚುವುದು. ಆಮೇಲೆ ಅದರ ಮೇಲೆ ಯಾರೂ ಚಪ್ಪಲಿ ಹಾಕಿ ನಡೆಯುವುದಿಲ್ಲ. ಈ ಸೀಮೆಯಲ್ಲಿ ಹುಟ್ಟಿದ ಮಕ್ಕಳು ನಡೆಯಲು ಕಲಿತಾಗಲೇ ಅದನ್ನೂ ಕಲಿಯುತ್ತವೆ. ದಮಯಂತಿ ಕುದ್ರಿನ ಬಾಲದಲ್ಲಿ ಚಪ್ಪಲಿ ಬಿಟ್ಟು ಕಟ್ಟ ಹತ್ತಿದ್ದಾಳೆ. ನೀರಿಗೆ ಹೆದರುವ ಹುಡುಗಿ ಒಬ್ಬಳೇ ಕಟ್ಟದ ಮೇಲೆ ಯಾಕೆ ಹೋದಳು?

"ಬೆಳಿಗ್ಗೆ ಏನಾದರೂ ಕಂಡಿಯಾ? ಏನಾದರೂ ಕೇಳಿಸಿತಾ?"

ಕಂಡದ್ದು ಏನೂ ಇಲ್ಲ ಎಂದ ಮೊಯ್ದಿನಬ್ಬ. ಬೆಳಕು ಹರಿಯುವಾಗ ಆಲಂಕಾರಿನ ಕಡೆಯ ಗುಡ್ಡೆಯಿಂದ ಯಾರೋ ಕೂ ಹಾಕಿದ್ದರಂತೆ. ದೋಣಿಗೆ ಇರಬೇಕೆಂದು ಎದ್ದನಂತೆ. ಆದರೆ ದೋಣಿಗೆ ಕರೆಯುವವರು ಓ ಎನ್ನುವವರೆಗೂ ಕರೆಯುತ್ತಲೇ ಇರುತ್ತಾರೆ. ಇದು ಒಂದೇ ಸಲ. ಕೂ ಕೂಡ ಬೇರೆ ನಮೂನೆ.

"ಹೇಗೆ? ಹಾಕಿ ತೋರಿಸು."

ಮೊಯ್ದಿನಬ್ಬ ಅಂಗೈಯನ್ನು ಬಾಯಿಗೆ ಮರೆ ಮಾಡಿದ. ಎರಡು ಗಿಡ್ಡ, ಒಂದು ಉದ್ದ, ಉದ್ದದ ಕೊನೆ ಮೇಲಕ್ಕೆ ಎದ್ದು ನಿಂತಿತು.

ಕುಕ್ಕಪ್ಪ ಮೆಟ್ಟಿಲಿನ ಮೇಲೆ ಕೂತುಬಿಟ್ಟ.

*

ಸುಳ್ಯದ ಗುಡ್ಡೆಗಳಲ್ಲಿ ಒಂದೊಂದು ಮನೆಗೆ ಒಂದೊಂದು ಕೂ. ಮನೆಯಿಂದ ಮನೆಗೆ ಒಂದು ಕಣಿವೆಯ ದೂರ. ಪೇಟೆಯಿಂದ ಬರುವವನು ಎದುರು ಗುಡ್ಡೆಯಲ್ಲಿ ನಿಂತು ಕೂ ಹಾಕಿದರೆ ಮನೆಯವರು ಕಾಲಿಗೆ ನೀರು ಇಡುತ್ತಾರೆ. ಸಂಜೆ ಆಡಲು ಹೋದ ಮಕ್ಕಳನ್ನು ಕರೆಯುವುದೂ ಅದೇ ಕೂವಿನಲ್ಲಿ. ಎರಡು ಗಿಡ್ಡ, ಒಂದು ಉದ್ದ ಕುಕ್ಕಪ್ಪನ ಮನೆಯದು. ಬೇರೆ ಮನೆಯವರು ಅದನ್ನು ಹಾಕುವುದಿಲ್ಲ. ಹಾಕುವ ಗಂಡಸರು ಇನ್ನು ಉಳಿದದ್ದು ಇಬ್ಬರೇ, ಅಣ್ಣ ಮತ್ತು ತಮ್ಮ.

ಬಾಯಿ ಮುಚ್ಚಿಕೊಂಡು ಜೀಪು ಹತ್ತಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪುತ್ತೂರಿನ ಹುಡುಗ ಗಲ್ಲಿಗೆ ಹೋಗುತ್ತಿದ್ದ, ಮನೆಯ ಮಾನ ಮನೆಯಲ್ಲೇ ಉಳಿಯುತ್ತಿತ್ತು. ಕುಕ್ಕಪ್ಪ ಅಲ್ಲೇ ಕೂತು ಅದನ್ನೂ ಯೋಚಿಸಿದ. ಆಚೆ ಮರಳಿನ ಮೇಲೆ ಐಸಮ್ಮ ದಮಯಂತಿಯ ಪಾದಕ್ಕೆ ಅಂಟಿದ ಕೆಸರನ್ನು ತನ್ನ ಸೆರಗಿನಿಂದ ಒರಸುತ್ತಿದ್ದಳು. ಅದನ್ನು ನೋಡಿದ ಮೇಲೆ ಅವನಿಂದ ಆಗಲಿಲ್ಲ. ಎದ್ದು ಜಗಲಿಗೆ ಹೋಗಿ ಎಲ್ಲರನ್ನೂ ಸೇರಿಸಿದ.

ಮೆಟ್ಟಿಲಿನ ವಿಷಯ, ಕಟ್ಟದ ವಿಷಯ ಇನ್‌ಸ್ಪೆಕ್ಟರರಿಗೆ ಒಂದೊಂದಾಗಿ ಹೇಳಿದ. ಅವರು ಮುಖ ಗಂಟಿಕ್ಕಿ ಕೇಳಿದರು, ಅಡ್ಡ ಮಾತಾಡಲಿಲ್ಲ. ಆಮೇಲೆ ಮೊಯ್ದಿನಬ್ಬನಿಂದ ಇನ್ನೊಮ್ಮೆ ಕೂ ಹಾಕಿಸಿದ.

ದೇರಣ್ಣ ತಲೆ ಎತ್ತಲಿಲ್ಲ. ಅಳು ಮಾತ್ರ ಥಟ್ಟನೆ ನಿಂತಿತು.

"ಯಾರ ಮನೆಯ ಕೂ ಅದು, ದೇರಣ್ಣ?"

ದೇರಣ್ಣನ ಕೈ ಕಂಕುಳಿನ ಕೊಡೆಯ ಮೇಲೆ ಹೋಯಿತು. ಕುಕ್ಕಪ್ಪ ಅದನ್ನು ಕಂಡ.

"ಕೊಡೆ ಬಿಡಿಸು."

ಮಳೆಯ ಸುಳಿವಿಲ್ಲದ ಸಂಜೆ. ಕೊಡೆ ಬಿಡಿಸು ಎಂದರೆ ಎಂತ ಅರ್ಥ ಎಂದು ಜನ ಮುಖ ಮುಖ ನೋಡಿಕೊಂಡರು. ದೇರಣ್ಣ ಅದನ್ನು ಇನ್ನಷ್ಟು ಅವುಚಿಕೊಂಡ. ಕುಕ್ಕಪ್ಪ ಕೈಯಿಂದ ಕಿತ್ತು ಬಿಡಿಸಿ, ಕೆಳಮುಖವಾಗಿ ಕೊಡವಿದ. ಜಗಲಿಯ ಸಿಮೆಂಟಿನ ಮೇಲೆ ಟಣ್ ಎಂದು ಸಣ್ಣದೊಂದು ಹಿತ್ತಾಳೆಯ ಮಣಿ ಬಿದ್ದು ಉರುಳಿತು. ಇನ್‌ಸ್ಪೆಕ್ಟರರು ಅದನ್ನು ಹೆಕ್ಕಿ ಚಪ್ಪಲಿಯ ಖಾಲಿ ಜಾಗಕ್ಕೆ ಹಿಡಿದು ನೋಡಿದರು.

"ಬೆಳಿಗ್ಗೆ ಇವನು ಗುಡ್ಡೆಯಿಂದ ಕರೆದ" ಎಂದ ಕುಕ್ಕಪ್ಪ. "ಅವಳು ಓಡಿ ಬಂದಳು. ಕಟ್ಟದ ತುದಿಯಲ್ಲಿ ಚಪ್ಪಲಿ ಬಿಟ್ಟಿರುತ್ತಾಳೆ ಅಂತ ಇವನಿಗೆ ಗೊತ್ತು. ಅದು ಅಲ್ಲಿ ಸಿಕ್ಕಿದರೆ, ಕಟ್ಟಕ್ಕೆ ಯಾರನ್ನು ನೋಡಲು ಹೋದಳು ಅಂತ ಕೇಳ್ತಾರೆ. ಹೆಕ್ಕಿ ಕೊಡೆಯೊಳಗೆ ಹಾಕಿಕೊಂಡ. ಜನ ಸೇರಿದ ಮೇಲೆ ಗಲಾಟೆಯಲ್ಲಿ ಮೆಟ್ಟಿಲಿಗೆ ತಂದಿಟ್ಟ."

ನೀರಿಗೆ ಯಾಕೆ ಬಿಸಾಡಲಿಲ್ಲ ಎಂದು ಇನ್‌ಸ್ಪೆಕ್ಟರರು ಕೇಳಿದರು.

"ನಾನೇ ತಂದುಕೊಟ್ಟದ್ದು" ಎಂದ ದೇರಣ್ಣ. "ಬಿಸಾಡಲಿಕ್ಕೆ ಕೈ ಬರಲಿಲ್ಲ."

ಆಮೇಲೆ ಅವನು ತಾನಾಗಿಯೇ ಹೇಳಿದ. ಬೆಳ್ಳಾರೆಯ ಕಡೆಯವರಿಗೆ ಹೆಣ್ಣು ಕೊಡುತ್ತೇನೆಂದು ವೀಳ್ಯ ಬದಲಿಸಿ ಆಗಿತ್ತು. ಮಗಳು ಹೋದ ಮೇಲೆ ನಾಲ್ಕು ಜನರ ಎದುರು ಕೂರುವ ಹಾಗಿರಲಿಲ್ಲ. ಅವಳು ಇಲ್ಲಿರುವುದು ಕಿವಿಗೆ ಬಿದ್ದು, ಸುಬ್ರಹ್ಮಣ್ಯಕ್ಕೆಂದು ಹೇಳಿ ಹೊರಟು, ಬಂದುಬಿಡು ಎಂದು ಕೇಳಲೆಂದೇ ಬಂದದ್ದು, ಕೊಲ್ಲಲು ಅಲ್ಲ. ಅವಳು ನಗುತ್ತಾ ಓಡಿ ಬಂದು ಅವನ ಕೈ ಹಿಡಿದಳಂತೆ. ಅವರನ್ನೂ ಕರೆದುಕೊಂಡು ಬರುತ್ತೇನೆ ಅಪ್ಪ, ಒಟ್ಟಿಗೇ ಹೋಗುವ ಎಂದಳಂತೆ. ಅದು ಕೇಳಿ ಇವನಿಗೆ ತಲೆ ಕೆಟ್ಟಿತು. ಎಳೆದ, ಅವಳು ಬರಲಿಲ್ಲ, ದೂಡಿದ.

"ನಿನಗೆ ಈಜು ಬರ್ತದೆ" ಎಂದ ಕುಕ್ಕಪ್ಪ.

"ಬರ್ತದೆ."

"ಮತ್ತೆ?"

"ಇಳಿಲಿಲ್ಲ. ನಿಂತೇ ಇದ್ದೆ ಅಣ್ಣ."

ಉದಯಶಂಕರನ ಕೋಳ ಬಿಚ್ಚಿ ದೇರಣ್ಣನಿಗೆ ಹಾಕಿದರು. ಉದಯಶಂಕರ ಯಾರನ್ನೂ ಬೈಯಲಿಲ್ಲ. ಮರಳಿಗೆ ಇಳಿದು ಹೋಗಿ ಹೆಂಡತಿಯ ಪಕ್ಕದಲ್ಲಿ ಕೂತ. ನಿನ್ನೆಯವರೆಗೆ ಅವರಿಬ್ಬರು ಕೂರುತ್ತಿದ್ದ ಬೆತ್ತದ ಕುರ್ಚಿಗಳು ನೀರಿಲ್ಲದ ಕೆಸರಿನ ಅಂಚಿನಲ್ಲಿ ಓರೆಯಾಗಿ ನಿಂತಿದ್ದವು.

*

ಮರುದಿನ ಜೀಪನ್ನು ರಸ್ತೆಯಲ್ಲೇ ನಿಲ್ಲಿಸಿ ಕುಕ್ಕಪ್ಪ ಮೊದಲು ತಾನೊಬ್ಬನೇ ಗುಡ್ಡೆ ಹತ್ತಿದ. ಜೀಪಿನಲ್ಲಿ ದಮಯಂತಿ ಇದ್ದಳು, ಪಕ್ಕದಲ್ಲಿ ಅವಳ ಗಂಡ ಇದ್ದ. ನೀನೂ ಬಾ ಎಂದು ಕರೆದವನು ಕುಕ್ಕಪ್ಪನೇ.

ಎದುರು ಗುಡ್ಡೆಯ ನೆತ್ತಿಗೆ ಬಂದಾಗ ಅಭ್ಯಾಸದಿಂದ ಕೈ ಬಾಯಿಗೆ ಹೋಯಿತು. ಉಸಿರೂ ಎಳೆದುಕೊಂಡ. ಆದರೆ ಅವಳಿಗೆ ಆ ಕೂ ಕೇಳಿದಾಗ ಎಂತ ಅನಿಸಿರಬಹುದು ಎಂಬುದು ಒಮ್ಮೆಲೇ ನೆನಪಿಗೆ ಬಂತು. ಮನೆಯವರು ಕ್ಷಮಿಸಿದರು, ಊಟಕ್ಕೆ ಕರೆಯುತ್ತಿದ್ದಾರೆ ಎಂದುಕೊಂಡೇ ಓಡಿರಬೇಕು ಮಗು. ನೀರಿನ ಹೆದರಿಕೆಯೂ ಆಗ ಅವಳಿಗೆ ನೆನಪಾಗಿರಲಿಕ್ಕಿಲ್ಲ. ಕುಕ್ಕಪ್ಪ ಕೈ ಇಳಿಸಿದ. ಸುಮ್ಮನೆ ಕಣಿವೆ ಇಳಿದು, ಸುಮ್ಮನೆ ಅಂಗಳಕ್ಕೆ ಕಾಲಿಟ್ಟ.

ದುಗ್ಗಮ್ಮ, ದಮಯಂತಿಯ ತಾಯಿ, ಜಗಲಿಯಿಂದ ಗಡಬಡಿಸಿ ಎದ್ದಳು. ದಮಯಂತಿಗೆ ಹುಷಾರಿಲ್ಲ, ಕರೆದುಕೊಂಡು ಬರುತ್ತೇನೆ ಎಂದು ನಿನ್ನೆ ಹೇಳಿ ಹೋಗಿದ್ದ ಕುಕ್ಕಪ್ಪ. ಅವಳು ಜಗಲಿಯ ಮೂಲೆಯಲ್ಲಿ ಹಾಸಿಗೆ ಹಾಸಿ ಕಾಯುತ್ತಿದ್ದಳು.

"ಕೂ ಎಂತಕೆ ಹಾಕಿಲೆ ಬಾವ? ಕಾಲಿಗೆ ನೀರು ಸಹ ಇಟ್ಟಿಲೆ ನಾನು" ಎಂದು ಅವಳು ಚೆಂಬು ತರಲು ಒಳಗೆ ಓಡಿದಳು.